ಸವೆಯದ ಜೀಪು

ಎಂಜಿನಿಯರ್ ಪರಶಿವಮೂರ್ತಿಯವರ ಸರ್ಕಾರಿ ಜೀಪಿಗೆ ಒಬ್ಬ ಡ್ರೈವರ್ ಇದ್ದ. ಒಂದು ದಿನ ಸಾಹೇಬರು ಪೇಟೆಯಿಂದ ಆರು ಡಬ್ಬಿ ಹೊತ್ತು ತಂದರು. ಎಂಜಿನ್ ಆಯಿಲ್‌ಗೆ ಇದನ್ನು ಒಂದು ಮುಚ್ಚಳ ಬೆರೆಸಿದರೆ ಒಳಗಿನ ಭಾಗಗಳು ಬೇಗ ಸವೆಯುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದಿತ್ತು.

“ಒಂದು ಮುಚ್ಚಳಕ್ಕೇ ಇಷ್ಟು ಗುಣವಿದ್ದರೆ ಆರು ಡಬ್ಬಿಗೆ ಎಷ್ಟಿರಬೇಡ! ಆಯಿಲ್ ಪೂರ್ತಿ ಇಳಿಸು. ಬರೀ ಇದನ್ನೇ ತುಂಬು,” ಎಂದರು.

“ಸ್ವಾಮಿ, ಆಯಿಲ್ ಇಲ್ಲದಿದ್ದರೆ ಎಂಜಿನ್ ಕಚ್ಚಿಕೊಂಡು ನಿಂತೇಹೋಗುತ್ತೆ.”

“ಎಂಜಿನಿಯರ್ ನಾನೋ ನೀನೋ? ಕಚ್ಚಿಕೊಂಡರೆ ನಿನ್ನ ಕೆಲಸ ಹೋಗುತ್ತೆ. ತುಂಬದಿದ್ದರೂ ಹೋಗುತ್ತೆ.”

ಡ್ರೈವರ್ ತಲೆ ಕೆರೆದುಕೊಂಡು ಕಚೇರಿಯೊಳಗೆ ಹೋದ. ಗುಮಾಸ್ತರಿಂದ ಒಂದು ಕಾಗದ ಬರೆಸಿಕೊಂಡು ಬಂದು ಸಾಹೇಬರ ಮುಂದೆ ಹಿಡಿದ.

“ಇದಕ್ಕೊಂದು ಸಹಿ ಹಾಕಿಬಿಡಿ ಸ್ವಾಮಿ.”

“ಏನಯ್ಯಾ ಇದು?”

“ಹಳೇ ಜೀಪು ಸವೆದು ಮೂಲೆಗೆ ಬಿದ್ದರೆ ತಾನೇ ಸರ್ಕಾರ ಹೊಸ ಕಾರು ಕೊಡೋದು? ಇದು ಇನ್ನು ಸವೆಯೋದೇ ಇಲ್ಲವಲ್ಲ. ನೀವು ಮೂರು ವರ್ಷದಿಂದ ಕೇಳ್ತಿರೋ ಕಾರನ್ನ ಪಕ್ಕದ ತಾಲ್ಲೂಕಿನ ಸಾಹೇಬರಿಗೆ ಕೊಟ್ಟುಬಿಡಿ ಅಂತ ಬರೆಸಿದೀನಿ.”

ಸಾಹೇಬರ ಪೆನ್ನು ಗಾಳಿಯಲ್ಲೇ ನಿಂತಿತು.

“ಆ ಮನುಷ್ಯನಿಗಾ? ತಡಿ, ತಡಿ. ಒಂದೇ ಮುಚ್ಚಳ ಹಾಕಿದರೆ ಏನಾಗುತ್ತೆ?”

“ಜೀಪು ಚೆನ್ನಾಗಿ ಓಡುತ್ತೆ ಸ್ವಾಮಿ. ಅದರ ಪಾಡಿಗೆ ವಯಸ್ಸೂ ಆಗುತ್ತೆ.”

ಸಾಹೇಬರು ತಾವೇ ಒಂದು ಮುಚ್ಚಳ ತುಂಬಿಸಿಕೊಂಡು ಜೀಪಿನವರೆಗೆ ಹೋದರು. ಅಲ್ಲಿ ನಿಂತು ಯೋಚಿಸಿದರು. ಆಮೇಲೆ ಹಿಂದಿರುಗಿ, ಅರ್ಧವನ್ನು ಮತ್ತೆ ಡಬ್ಬಿಗೇ ಹುಯ್ದರು.

“ಸ್ವಲ್ಪ ಸವೆಯಲಿ ಬಿಡಯ್ಯಾ,” ಎಂದರು.