ನವಾರಿನ ಗಂಟು

“ಗುರುಗಳೇ, ಬೀಳುವವನಿಗೆ ತಾನು ಬೀಳುತ್ತೇನೆಂದು ಯಾವಾಗ ಗೊತ್ತಾಗುತ್ತದೆ?”

ಕೇಳಿದ ಶಿಷ್ಯ ಮೂರು ದಿನದಿಂದ ಎರಡು ತುತ್ತಿಗೇ ಊಟ ಬಿಟ್ಟು ಏಳುತ್ತಿದ್ದ. ಏನಪ್ಪ ಎಂದರೆ ಏನಿಲ್ಲ, ಚೆನ್ನಾಗಿದ್ದೇನೆ ಎನ್ನುತ್ತಿದ್ದ. ಗುರುಗಳು ನಕ್ಕರು.

“ಹತ್ತುವುದನ್ನು ಕೇಳು ಮಾರಾಯ, ಹೇಳುತ್ತೇನೆ. ಪ್ರಾಯದಲ್ಲಿ ನಾನು ಬೆಟ್ಟ ಹತ್ತಿ ಮೋಡದ ಮೇಲೆ ಪಂಚೆ ಒಣಹಾಕಿ ಬಂದವನು. ಪಂಚೆ ಒಣಗಲಿಲ್ಲ, ಅದು ಬೇರೆ ಮಾತು. ಬೀಳುವುದು ಎಂದೆಯಲ್ಲ, ಕೂತುಕೋ. ಒಬ್ಬ ಜೇನು ಕೀಳುವವನಿದ್ದ.”

ಅವನು ಕಡಿದಾದ ಬಂಡೆಯಲ್ಲಿ ಹಗ್ಗದಿಂದ ಇಳಿದು ಹೆಜ್ಜೇನು ಕೀಳುತ್ತಿದ್ದ. ಅವರಲ್ಲೊಂದು ಕಟ್ಟಳೆ. ಮೇಲೆ ಹಗ್ಗ ಹಿಡಿಯುವವನು ಹೆಂಡತಿಯ ತಮ್ಮನೇ ಆಗಬೇಕು. ಅಕ್ಕ ವಿಧವೆಯಾಗಲೆಂದು ಯಾವ ತಮ್ಮನೂ ಬಯಸುವುದಿಲ್ಲ. ಒಂದೊಂದು ಜೇನುಹುಟ್ಟು ಕಿತ್ತಾಗಲೂ ಮೇಲಿನವನು ಕೂಗಿ ಕೇಳಬೇಕು. ಕೆಳಗಿನವನು ತನ್ನ ಗಂಟು ನೋಡಿ ಉತ್ತರ ಕೊಡಬೇಕು.

ಒಂದು ಬೆಳಿಗ್ಗೆ ನೋಡಿದರೆ, ಕೂತು ಇಳಿಯುವ ಬಳ್ಳಿಯ ಜೋಲಿಯನ್ನು ಇಲಿ ಕಡಿದು ಹಾಕಿತ್ತು. ನಾಳೆ ಹೊಸದು ಹೆಣೆಯೋಣ ಎಂದ ಭಾವಮೈದುನ. ಜೇನಿನವನು ಕೇಳಲಿಲ್ಲ. ಮಂಚದ ನವಾರು ಬಿಚ್ಚಿ ತಂದ. ಸೊಂಟಕ್ಕೆ ಎರಡು ಸುತ್ತು, ತೊಡೆಗೊಂದೊಂದು ಕುಣಿಕೆ, ಎರಡು ತುದಿಗಳನ್ನೂ ಹೊಟ್ಟೆಯ ಮುಂದೆ ಸೇರಿಸಿ ಒಂದು ಗಂಟು. ಅದರೊಳಗೆ ಹಗ್ಗ ತೂರಿಸಿ ಬಿಗಿದ.

ನವಾರು ಚಪ್ಪಟೆಯಾದ ಪಟ್ಟಿ. ಅದರ ಗಂಟು ಒಮ್ಮೆಗೇ ಬಿಚ್ಚಿಕೊಳ್ಳುವುದಿಲ್ಲ. ಮೈಭಾರ ಅತ್ತಿತ್ತ ಆದಾಗಲೆಲ್ಲ ತುದಿಯನ್ನು ಸ್ವಲ್ಪ ಸ್ವಲ್ಪವೇ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ತುದಿಯನ್ನು ಮೊಳದುದ್ದ ಬಿಡಬೇಕು. ಇವನು ಬಿಟ್ಟದ್ದು ಒಂದು ಗೇಣು. ಮಿಕ್ಕಿದ್ದನ್ನು ಕತ್ತರಿಸಿ ಶಲ್ಯದ ಹಾಗೆ ಹೆಗಲಿಗೆ ಹಾಕಿಕೊಂಡ.

“ಭಾವ, ತುದಿ ಗಿಡ್ಡವಾಯಿತು,” ಎಂದ ಭಾವಮೈದುನ.

“ನನ್ನ ಗಂಟು ಬಿಚ್ಚಬೇಕಾದರೆ ಯಮನೂ ಹಲ್ಲು ಹಚ್ಚಬೇಕು ಕಣೋ. ನೀನು ಹಗ್ಗ ಹಿಡಿ.”

ಇಳಿದ. ಮೊದಲ ಹುಟ್ಟು ಕಿತ್ತ.

“ಭಾವ, ಗಂಟು ಹೇಗಿದೆ?”

ನೋಡಿದ. ತುದಿ ನಾಲ್ಕು ಬೆರಳಿಗೆ ಬಂದಿತ್ತು. ಎಳೆದುಕೋ ಎಂದಿದ್ದರೆ ಮೇಲೆ ಬರುತ್ತಿದ್ದ. ಆದರೆ ಯಮನ ಹಲ್ಲಿನ ಮಾತಾಡಿ ಇನ್ನೂ ಒಂದು ಬೀಡಿ ಸೇದುವಷ್ಟು ಹೊತ್ತಾಗಿರಲಿಲ್ಲ. ಈಗ ಹೇಳಿದರೆ ಭಾವಮೈದುನ ಊರೆಲ್ಲ ಹೇಳಿಕೊಂಡು ನಗುತ್ತಾನೆ ಅಂದುಕೊಂಡ.

“ಗಟ್ಟಿ ಇದೆ,” ಎಂದ.

ಎರಡನೆಯದನ್ನು ಕಿತ್ತಾಗ ತುದಿ ಎರಡು ಬೆರಳು. ಇನ್ನೊಂದೇ ಹುಟ್ಟು ಉಳಿದಿದೆ, ಮುಗಿಸಿಯೇ ಹೇಳೋಣ ಅನ್ನಿಸಿತು. ಗಟ್ಟಿ ಇದೆ ಎಂದ.

ಮೂರನೆಯದನ್ನು ಕಿತ್ತಾಗ ತುದಿ ಉಗುರಿನಷ್ಟು. ಈಗ ಹೇಳುವ ಮನಸ್ಸು ಬಂತು. ಆದರೆ ಗಂಟು ಒಂದು ಎಳೆತಕ್ಕೂ ತಡೆಯುವುದಿಲ್ಲ ಎಂದು ಅವನಿಗೆ ಕಂಡಿತು. ಹಗ್ಗ ಹಿಡಿಯೋಣವೆಂದರೆ ಕೈಗೆಲ್ಲ ಜೇನು ಮೆತ್ತಿ ಜಾರುತ್ತಿತ್ತು. ಮೇಲಿನವನು ಕೂಗುತ್ತಲೇ ಇದ್ದ. ಇವನು ಎರಡೂ ಕೈಗಳಿಂದ ಗಂಟನ್ನು ಅದುಮಿಕೊಂಡು, ಮೂರನೆಯ ಸಲವೂ ಅದನ್ನೇ ಹೇಳಿದ.

ಹಗ್ಗ ಹಗುರವಾಯಿತು. ಭಾವಮೈದುನ ಕೈ ಬಿಡಲಿಲ್ಲ. ಸಂಜೆಯವರೆಗೂ ಆ ಬರಿಯ ಹಗ್ಗವನ್ನು ಹಿಡಿದೇ ನಿಂತಿದ್ದ. ಅಕ್ಕ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.



“ಮೊದಲ ಸಲ ಕೇಳಿದಾಗಲೇ ಅವನು ಹೇಳಬಹುದಿತ್ತಲ್ಲ, ಗುರುಗಳೇ,” ಎಂದ ಶಿಷ್ಯ.

“ಇವತ್ತು ಬೆಳಿಗ್ಗೆಯೂ ನಾನು ನಿನ್ನನ್ನು ಹೇಗಿದ್ದೀಯಪ್ಪ ಎಂದು ಕೇಳಿದೆನಲ್ಲ,” ಎಂದರು ಗುರುಗಳು.