ಮಾಳಿಂಗ ಗದೆ ತಿರುಗಿಸಿದ್ದು

ಮಗ ಪೆದ್ದನಾದರೆ ತಾಯಿಗೆ ಎರಡು ಬಾಯಿ ಬೇಕು, ಒಂದು ಬುದ್ಧಿ ಹೇಳೋಕೆ, ಇನ್ನೊಂದು ಬೈಯೋಕೆ. ನೀಲವ್ವನಿಗೆ ಇದ್ದದ್ದು ಒಂದೇ, ಅದೂ ಸವೆದುಹೋಗಿತ್ತು.

ಅವರ ಊರಲ್ಲಿ ಕುಸ್ತಿ ಮುಗಿಯಿತು ಅನ್ನಬೇಕಾದರೆ ಒಂದು ಶಾಸ್ತ್ರ. ಕೊನೆಯ ಜೋಡಿ ಸೆಣಸಿ ಮುಗಿದ ಮೇಲೆ ಒಬ್ಬ ಅಖಾಡಕ್ಕಿಳಿದು ಬೆಳ್ಳಿಗದೆಯನ್ನು ಮೂರು ಸುತ್ತು ತಿರುಗಿಸಬೇಕು, ಗೆದ್ದವನ ಹಣೆಗೆ ಅಖಾಡದ ಮಣ್ಣು ಹಚ್ಚಬೇಕು. ಅಲ್ಲೀತನಕ ಜನ ಏಳುವಂತಿಲ್ಲ. ಆ ಹಕ್ಕು ನೀಲವ್ವನ ಮನೆಯದು. ಗಂಡ ಸತ್ತಿದ್ದ, ಉಳಿದವನು ಮಗ ಮಾಳಿಂಗ. ಹಕ್ಕೆಂದರೆ ಅಂಗಡಿ ಇದ್ದಂತೆ, ನೀವು ಬಾಗಿಲು ಹಾಕಿದರೆ ಪಕ್ಕದವನು ತೆರೆಯುತ್ತಾನೆ. ಪಕ್ಕದ ಮನೆ ದುಂಡಪ್ಪ ಅದಕ್ಕೇ ಕಾದು ಕೂತಿದ್ದ.

ಮೊದಲ ವರ್ಷ ನೀಲವ್ವ, ಗದೆ ಬಿಗಿಯಾಗಿ ಹಿಡಿ, ಬಿಡಬೇಡ ಎಂದಳು. ಮಾಳಿಂಗ ಚೆಂದಾಗೇ ತಿರುಗಿಸಿದ, ಮಣ್ಣೂ ಹಚ್ಚಿದ. ಆಮೇಲೆ ಕುಸ್ತಿ ಕಲಿಸಿ ಅಖಾಡ ನಡೆಸುವ ವಸ್ತಾದ ಕಲ್ಲಪ್ಪ ಗದೆ ಕೇಳಿದರೆ ಕೊಡಲಿಲ್ಲ. ಹಿಡಿದೇ ಮನೆಗೆ ಬಂದ, ಹಿಡಿದೇ ಉಂಡ, ಹಿಡಿದೇ ಮಲಗಿದ.

ಕೇಳಿದವರಿಗೆ ಕೊಡಬೇಕೋ ಮಂಕೇ ಎಂದು ಬೈದಳು.

ಮರುವರ್ಷ ಅಖಾಡಕ್ಕೆ ಇಳಿಯೋ ಮೊದಲೇ ದುಂಡಪ್ಪ, "ಭಾರ ಅಲ್ಲೇನೋ ತಮ್ಮಾ, ಕೊಡು ಇಲ್ಲಿ" ಅಂದ. ಕೊಟ್ಟ. ದುಂಡಪ್ಪ ಎರಡು ಸುತ್ತು ತಿರುಗಿಸಿಯೂ ಬಿಟ್ಟಿದ್ದ, ವಸ್ತಾದ ಓಡಿಬಂದು ಕಿತ್ತುಕೊಂಡ. ಇನ್ನೊಂದು ಸಲ ಹೀಗಾದರೆ ಹಕ್ಕು ದುಂಡಪ್ಪನಿಗೇ ಎಂದು ಊರವರೆದುರು ಹೇಳಿದ.

ನೀಲವ್ವ ಹಣೆ ಚಚ್ಚಿಕೊಂಡಳು. ವಸ್ತಾದನ ಹೊರತು ಯಾರಿಗೂ ಕೊಡಬೇಡ ಎಂದಳು. ಬೆವರುಗೈಯಿಂದ ಗದೆ ಜಾರಿದರೆ? ಅದನ್ನೂ ಹೇಳಿಟ್ಟಳು.

"ಗದೆ ಬಿದ್ದರೆ ಬಗ್ಗಬೇಡ. ಮೂರು ಸುತ್ತು ಮುಗಿಯೋ ಮುಂಚೆ ಗದೆ ತಿರುಗಿಸೋನ ಕೈ ಅಖಾಡದ ಮಣ್ಣಿಗೆ ತಾಗಿದರೆ ಊರೇ ಸೋತಂಗೆ. ನಿಮ್ಮಪ್ಪ ಕಾಲಲ್ಲೇ ಎತ್ತುತಿದ್ದ. ತಿಳೀತೇನೋ?"

"ತಿಳೀತವ್ವ."

"ಏನು ತಿಳೀತು?"

"ಕೈ ಮಣ್ಣಿಗೆ ತಾಗಬಾರದು. ಕಾಲಲ್ಲೇ ಎತ್ತಬೇಕು."

ಮೂರನೇ ವರ್ಷ ಗದೆ ಜಾರಿಯೇ ಜಾರಿತು. ಮಾಳಿಂಗ ಬಗ್ಗಲಿಲ್ಲ. ಕಾಲಲ್ಲಿ ಚಿಮ್ಮಿಸಿ ಗಾಳಿಯಲ್ಲೇ ಹಿಡಿದ. ಜನ ಶಿಳ್ಳೆ ಹೊಡೆದರು. ದುಂಡಪ್ಪನ ಮುಖ ಸಪ್ಪಗಾಯಿತು. ಮೂರು ಸುತ್ತು ಮುಗಿದು ಗದೆ ವಸ್ತಾದನ ಕೈ ಸೇರಿತು. ನೀಲವ್ವ ಮೂರು ವರ್ಷದ ಉಸಿರು ಒಟ್ಟಿಗೇ ಬಿಟ್ಟಳು.

ಮಣ್ಣು ಹಚ್ಚುವುದೊಂದು ಬಾಕಿ. ಗೆದ್ದ ಪೈಲ್ವಾನ ಸಿದರಾಯ ಮಂಡಿಯೂರಿ, ಕಣ್ಣು ಮುಚ್ಚಿ, ಭಕ್ತಿಯಿಂದ ಹಣೆ ಒಡ್ಡಿದ. ಮಾಳಿಂಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಕಾಲಿನ ಹೆಬ್ಬೆರಳನ್ನು ಮಣ್ಣಲ್ಲಿ ಒತ್ತಿ, ಎತ್ತಿ, ಪೈಲ್ವಾನನ ಹಣೆಗೆ ಉದ್ದಕ್ಕೆ ಎಳೆದ.

ಸಿದರಾಯ ಕಣ್ಣು ಬಿಟ್ಟ.

ಆ ದಿನದ ಕೊನೆಯ ಕುಸ್ತಿ ನಡೆದದ್ದು ಆಗಲೇ. ಮುಗಿಯುವಷ್ಟರಲ್ಲಿ ಗದೆ ದುಂಡಪ್ಪನ ಹೆಗಲೇರಿತ್ತು. ನೀಲವ್ವ ಓಡಿಬಂದು ನೋಡಿದರೆ ಮಾಳಿಂಗ ಅಂಗಾತ ಬಿದ್ದಿದ್ದಾನೆ, ಬಾಯೊಳಗೂ ಮಣ್ಣು. ಎರಡು ಕೈ ಮಾತ್ರ ನೆಟ್ಟಗೆ ಆಕಾಶಕ್ಕೆತ್ತಿ ಹಿಡಿದಿದ್ದಾನೆ.

"ನೋಡವ್ವ," ಅಂದ, "ತಾಗಿಸಿಲ್ಲ."