ಉಡಿಯೊಡ್ಡಿದ ಸಾವಂತ್ರೆವ್ವನ ಕಥೆ

ಶ್ರಾವಣದ ಶುಕ್ರವಾರ ಮನೆ ಸಾರಿಸಿ, ದೀಪ ಹಚ್ಚಿ, ಹರಿವಾಣದ ಅಕ್ಕಿಯ ಮೇಲೆ ಉಡಿಗೌರಿಯನ್ನು ಕೂರಿಸಿ, ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕರೆದು, ಕೈಯಲ್ಲಿ ಅಕ್ಷತೆ ಹಿಡಿದು ಈ ಕಥೆಯನ್ನು ಕೇಳಬೇಕು. ಒಲೆಯ ಮೇಲೆ ಹಾಲಿಟ್ಟು ಬಂದವರು ಮೊದಲು ಹೋಗಿ ಇಳಿಸಿ ಬರಬೇಕು. ಒಂದು ಕಿವಿ ಇಲ್ಲಿ, ಒಂದು ಕಿವಿ ಒಲೆಯ ಕಡೆ ಇಟ್ಟವರಿಗೆ ದೇವಿ ಅರ್ಧ ಫಲವನ್ನೇ ಕೊಟ್ಟರೆ ಆಮೇಲೆ ಓದಿದವಳನ್ನು ದೂರಬಾರದು.

ಘಟಪ್ರಭೆಯ ದಂಡೆಯ ಮೇಲೆ ಮಗ್ಗದಹಾಳವೆಂಬ ಊರು. ಆ ಊರಿನ ನೇಕಾರರ ಓಣಿಯಲ್ಲಿ ಅಡಿವೆಪ್ಪನೆಂಬ ಸಾಧು ಮನುಷ್ಯನೂ ಅವನ ಹೆಂಡತಿ ಸಾವಂತ್ರೆವ್ವನೂ ಇದ್ದರು. ಸಾವಂತ್ರೆವ್ವ ಕೋಳಿ ಕೂಗುವ ಮೊದಲೇ ಎದ್ದು, ಅಂಗಳಕ್ಕೆ ನೀರು ಹೊಡೆದು, ಹೊಳೆಯಲ್ಲಿ ಮಿಂದು, ಗೌರಿಯ ಗುಡಿಗೆ ದೀಪ ಹಚ್ಚಿ, ಮನೆಗೆ ಬಂದು ಅತ್ತೆಮಾವಂದಿರಿಗೆ ರೊಟ್ಟಿ ಬಡಿದು, ಗಂಡನ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು, ಇಷ್ಟೆಲ್ಲ ಮಾಡಿದ ಮೇಲೂ ಓಣಿಯಲ್ಲಿ ಯಾರಿಗೆ ಜ್ವರ, ಯಾರು ಬಾಣಂತಿ, ಯಾರ ಮನೆಯ ಒಲೆ ಹೊತ್ತಿಲ್ಲ ಎಂದು ನೋಡಿಬರುತ್ತಿದ್ದಳು. ಬಾಣಂತಿಗೆ ಅಂಟಿನುಂಡಿ ಕಟ್ಟಿಕೊಡುವಳು, ಸತ್ತವರ ಮನೆಗೆ ಬುತ್ತಿ ಒಯ್ಯುವಳು, ಮದುವೆಯಲ್ಲಿ ಎಲ್ಲರೂ ಉಂಡ ಮೇಲೆ ತಾನು ಉಣ್ಣುವಳು. ಇಂಥವಳು ನಮ್ಮ ಓಣಿಯಲ್ಲಿದ್ದಾಳೆಂದು ಜನ ಬೇರೆ ಊರಿನವರ ಮುಂದೆ ಹೇಳಿಕೊಂಡು ಬೀಗುತ್ತಿದ್ದರು.

ಆದರೆ ಅವಳಲ್ಲಿ ಒಂದು ಹಟವಿತ್ತು. ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಯಾರಾದರೂ ಹೊಲದ ಬದನೆಕಾಯಿ ತಂದರೆ ನಮ್ಮನೆಯಲ್ಲಿ ಬೇಕಾದಷ್ಟಿದೆ ಎನ್ನುವಳು, ಹೋಳಿಗೆ ತಂದರೆ ಹೊಟ್ಟೆ ತುಂಬಿದೆ ಎನ್ನುವಳು. ಸೊಕ್ಕು ಎನ್ನಬೇಡಿ, ಅವಳ ಕಥೆಯೂ ಇದೆ. ತಾಯಿತಂದೆ ಇಲ್ಲದೆ ಸೋದರಮಾವನ ಮನೆಯಲ್ಲಿ ಬೆಳೆದವಳು, ತುತ್ತು ತುತ್ತಿಗೂ ಸೋದರತ್ತೆಯ ಒಂದೊಂದು ಮಾತು ಕೇಳಿಸಿಕೊಂಡು ಉಂಡವಳು. ಮದುವೆಯಾಗಿ ಆ ಮನೆಯ ಹೊಸ್ತಿಲು ದಾಟಿದ ದಿನವೇ, ಇನ್ನು ಈ ಜನ್ಮದಲ್ಲಿ ಯಾರ ಮುಂದೆಯೂ ಸೆರಗೊಡ್ಡುವುದಿಲ್ಲವೆಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಪಾಪ, ಆ ಗಂಟನ್ನು ಅವಳು ಯಾರಿಗೂ ತೋರಿಸಿರಲಿಲ್ಲ.

ಈ ಉಡಿಗೌರಿಯ ವ್ರತಕ್ಕೆ ಒಂದು ಕ್ರಮವಿದೆ. ಪೂಜೆ ಮುಗಿದ ಮೇಲೆ ಒಬ್ಬರು ಇನ್ನೊಬ್ಬರು ಒಡ್ಡಿದ ಸೆರಗಿಗೆ ಕಾಳು ಹಾಕಿ ಉಡಿ ತುಂಬಬೇಕು. ತುಂಬಿಸಿಕೊಂಡವಳು ಅದರಲ್ಲಿ ಒಂದು ಚಿಟಿಕೆ ಕಾಳನ್ನು ಕೊಟ್ಟವಳ ಉಡಿಗೆ ಮರಳಿಸಿ, ಉಳಿದದ್ದನ್ನು ಮನೆಗೊಯ್ದು, ತನ್ನ ಮನೆಯ ಕಾಳಿನೊಡನೆ ಬೆರೆಸಿ, ಅಂದೇ ಅಡುಗೆ ಮಾಡಿ ಮನೆಮಂದಿಯೆಲ್ಲ ಉಣ್ಣಬೇಕು. ಸಾವಂತ್ರೆವ್ವ ಓಣಿಯ ಎಲ್ಲರ ಉಡಿಯನ್ನೂ ಕೊಬ್ಬರಿ, ಖಣ, ಉತ್ತುತ್ತಿ ಇಟ್ಟು ತುಂಬುವಳು. ತನ್ನ ಸರದಿ ಬಂದಾಗ ಒಳಗೆ ಕೆಲಸವಿದೆಯೆಂದು ಎದ್ದುಹೋಗುವಳು.

ಅವಳ ಪಕ್ಕದ ಮನೆಯಲ್ಲಿ ದುರ್ಗವ್ವನೆಂಬವಳಿದ್ದಳು. ಅವಳ ಗಂಡ ಮೊಣಕಾಲು ಹಿಡಿದು ಮಗ್ಗದ ಕುಣಿಗೆ ಇಳಿಯಲಾರದೆ ಕೂತಿದ್ದನು. ಅವಳು ಊರವರ ನೂಲು ಸುತ್ತಿ ಹೊಟ್ಟೆ ಹೊರೆಯುತ್ತಿದ್ದಳು. ಒಂದು ಶ್ರಾವಣದಲ್ಲಿ ದುರ್ಗವ್ವ ಅಕ್ಕಿಗೆ ಗತಿಯಿಲ್ಲದೆ ಜೋಳವನ್ನೇ ಆರಿಸಿ, ತೊಳೆದು, ಅರಿಸಿನ ಹಚ್ಚಿ ತಂದು, ಎದ್ದುಹೋಗಲು ಬಿಡದೆ ಸಾವಂತ್ರೆವ್ವನ ಉಡಿ ತುಂಬಿದಳು. ಸಾವಂತ್ರೆವ್ವ, ಈ ಜೋಳ ಇವಳ ಎರಡು ಹೊತ್ತಿನ ರೊಟ್ಟಿ ಎಂದುಕೊಂಡು, ಒಂದು ಚಿಟಿಕೆ ಮರಳಿಸುವ ಬದಲು ಪೂರ್ತಿ ಉಡಿಯನ್ನೇ ದುರ್ಗವ್ವನ ಸೆರಗಿಗೆ ತಿರುಗಿ ಸುರಿದು, ಮೇಲೆ ತನ್ನದೊಂದು ಸೇರು ಅಕ್ಕಿಯನ್ನೂ ಹಾಕಿದಳು. ನೋಡಿದವರು ಎಂಥ ದೊಡ್ಡ ಮನಸ್ಸು ಎಂದರು. ದುರ್ಗವ್ವ ಎದ್ದು ಮನೆಗೆ ಹೋದಳು. ಮರುವರ್ಷದಿಂದ ವ್ರತಕ್ಕೆ ಬರುವುದನ್ನು ಬಿಟ್ಟಳು. ಅವಳೇಕೆ ಬರಲಿಲ್ಲವೆಂದು ಸಾವಂತ್ರೆವ್ವನಿಗೆ ಹೊಳೆಯಲೇ ಇಲ್ಲ.

ಕಾಲ ಸರಿಯಿತು. ಮಗ ಬಾಳಪ್ಪನಿಗೆ ನಿಂಬೆವ್ವನೆಂಬ ಹುಡುಗಿಯನ್ನು ತಂದರು. ಬಹಳ ವರ್ಷ ಹರಕೆ ಹೊತ್ತ ಮೇಲೆ ಸೊಸೆ ಬಸುರಾದಳು. ಸಾವಂತ್ರೆವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ನಿಂಬೆವ್ವನಿಗೆ ತಿಂಗಳು ಕಳೆದಂತೆ ಅನ್ನ ಸೇರದಾಯಿತು. ಉಂಡದ್ದು ಒಳಗೆ ನಿಲ್ಲದು, ನೀರು ಕುಡಿದರೂ ವಾಂತಿ. ಮುಖ ಬಾಡಿ, ಬಳೆಗಳು ಕೈಯಿಂದ ಜಾರತೊಡಗಿದವು. ಹೀಗಿರಲು ಒಂದು ದಿನ ಗೋಡೆಯಾಚೆಯಿಂದ ದುರ್ಗವ್ವನ ಪುಂಡಿಪಲ್ಯದ ವಾಸನೆ ಬಂದು, ನಿಂಬೆವ್ವನ ಬಾಯಲ್ಲಿ ನೀರೂರಿ, ಅವಳು ನಾಚಿಕೊಂಡು ಅತ್ತೆಗೆ ಬಯಕೆಯನ್ನು ಹೇಳಿದಳು.

ಸಾವಂತ್ರೆವ್ವ ಕೂಡಲೇ ಎಳೆಯ ಪುಂಡಿಸೊಪ್ಪು ತಂದು, ಬೆಳ್ಳುಳ್ಳಿ ಜಜ್ಜಿ, ಎಣ್ಣೆಯಲ್ಲಿ ತೇಲುವಂತೆ ಪಲ್ಯ ಮಾಡಿ ಬಡಿಸಿದಳು. ನಿಂಬೆವ್ವ ಒಂದು ತುತ್ತು ಬಾಯಿಗಿಟ್ಟು ಹಿತ್ತಲಿಗೆ ಓಡಿದಳು. ಸೂಲಗಿತ್ತಿ ಬಂದು ನಾಡಿ ಹಿಡಿದು, ಹೊಟ್ಟೆ ಮುಟ್ಟಿ ನೋಡಿ, ಬಯಸಿದ್ದು ಆ ಮನೆಯ ಒಲೆಯದು, ಅಲ್ಲಿಂದಲೇ ತಂದು ಕೊಡು, ತಡಮಾಡಿದರೆ ತಾಯಿಮಗು ಇಬ್ಬರೂ ಕೈಬಿಟ್ಟುಹೋದಾರು ಎಂದಳು. ಬಸುರಿಗೆ ನೆರೆಮನೆಯಿಂದ ತುತ್ತು ತರುವುದು ಎಲ್ಲ ಓಣಿಗಳಲ್ಲೂ ಇದ್ದದ್ದೇ, ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಸಾವಂತ್ರೆವ್ವ ಬಾಗಿಲ ತನಕ ಹೋದವಳು ತಿರುಗಿ ಬಂದಳು. ಬೇಡಲಾರದವಳು ದೇವಿಯ ಗುಡಿಗೆ ಹೋಗಿ ಇನ್ನಷ್ಟು ಹರಕೆ ಹೊತ್ತಳು. ದಾಸೋಹ ಮಾಡಿದಳು, ಸೀರೆ ಹಂಚಿದಳು. ಗೌರಿಯ ಬಲಗಡೆಯ ಹೂ ಬೀಳಲೇ ಇಲ್ಲ.

ಶ್ರಾವಣದ ಶುಕ್ರವಾರ ಬಂದಿತು. ಮಧ್ಯಾಹ್ನದ ಹೊತ್ತಿಗೆ ಪರ ಊರಿನ ಮುದುಕಿಯೊಬ್ಬಳು ಸಾವಂತ್ರೆವ್ವನ ಕಟ್ಟೆಯ ಮೇಲೆ ದಣಿದು ಕೂತಳು. ಸಾವಂತ್ರೆವ್ವ ಅವಳಿಗೆ ಕಾಲಿಗೆ ನೀರು ಕೊಟ್ಟು, ಬೆಲ್ಲ ಕೊಟ್ಟು, ಮೊರದಲ್ಲಿ ಅಕ್ಕಿ ತಂದು ಉಡಿಯೊಡ್ಡೆಂದು ಬೇಡಿದಳು. ಮುದುಕಿ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಅಲ್ಲಾಡದೆ ಕೂತಳು.

"ಕೊಡೂದು ಚಂದಾಗಿ ಕಲತೀ ಮಗಳ. ಇಸಗೊಳ್ಳೂದು ಯಾವಾಗ ಕಲೀತಿ? ಎಂದೂ ಒಡ್ಡದ ಸೆರಗಿನವರ ಕೈಯಿಂದ ನಾ ಉಡಿ ತುಂಬಿಸಿಕೊಳ್ಳೂದಿಲ್ಲ."

ಹೀಗೆಂದು ಎದ್ದು ಓಣಿಯ ತಿರುವಿನಲ್ಲಿ ಮರೆಯಾದಳು. ಸಾವಂತ್ರೆವ್ವ ಹಿಂದೆ ಓಡಿ ನೋಡಿದರೆ ದಾರಿ ಬರಿದಾಗಿತ್ತು. ಅವಳು ಮನೆಗೆ ತಿರುಗಿದಳು. ಒಳಗೆ ನಿಂಬೆವ್ವ ಗೋಡೆಯ ಕಡೆ ಮುಖ ಮಾಡಿ, ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿದ್ದಳು. ಸಾವಂತ್ರೆವ್ವ ಅವಳನ್ನು ನೋಡಿ, ಮೊರವನ್ನು ಕೆಳಗಿಟ್ಟು, ಬರಿಗೈಯಲ್ಲಿ ಮನೆಯಿಂದ ಹೊರಬಿದ್ದಳು.

ಪಕ್ಕದ ಮನೆಗೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆ ಅವಳಿಗೆ ನಾಲ್ಕು ಊರು ದಾಟಿದಷ್ಟಾಯಿತು. ಓಣಿಯ ಮಗ್ಗಗಳೆಲ್ಲ ನಿಂತು ತನ್ನನ್ನೇ ನೋಡುತ್ತಿವೆಯೆಂದು ಅವಳಿಗನ್ನಿಸಿತು. ಮಗ್ಗಗಳು ನಿಂತಿರಲಿಲ್ಲ, ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿದ್ದರು. ಸತ್ತು ಎಷ್ಟೋ ವರ್ಷವಾಗಿದ್ದ ಸೋದರತ್ತೆಯ ದನಿ ಮಾತ್ರ ಕಿವಿಯಲ್ಲಿ ಕೂಗಿತು. ಅವಳು ಹೊಸ್ತಿಲಲ್ಲಿ ಹೋಗಿ ನಿಂತಳು. ನೂಲು ಸುತ್ತುತ್ತಿದ್ದ ದುರ್ಗವ್ವ ತಲೆಯೆತ್ತಿದಳು. ಸಾವಂತ್ರೆವ್ವ ಕಣ್ಣು ಕೆಳಗೆ ಹಾಕಿ, ಎರಡೂ ಕೈಯಿಂದ ಸೆರಗು ಹಿಡಿದು ಒಡ್ಡಿದಳು.

"ದುರ್ಗವ್ವಾ, ನನ್ನ ಸೊಸಿಗೆ ನಿನ್ನ ಒಲೀ ಮ್ಯಾಲಿಂದು ಒಂದು ತುತ್ತು ಬೇಕಾಗೇತಿ. ನೀಡ್ತೀ?"

ದುರ್ಗವ್ವ ನೂಲನ್ನು ಕೆಳಗಿಟ್ಟು ಎದ್ದು ಬಂದಳು. ಅವಳ ಕಣ್ಣು ತುಂಬಿಬಂತು.

"ನನ್ನ ಉಡಿ ನೀ ತಿರಗಿ ಸುರುವಿದ ದಿನ ನಾ ಅತ್ತೆ, ಯಕ್ಕಾ. ನನ್ನ ಕೈಯಾಂದು ಯಾರಿಗೂ ಬ್ಯಾಡ, ನಾ ಕೊಡಾಕೂ ಯೋಗ್ಯಳಲ್ಲ ಅನಿಸ್ತು. ಇವತ್ತ ನೀ ಬೇಡಾಕ ಬಂದೀ. ನಂದೂ ಒಂದು ಮನಿ ಆತು."

ಸಾವಂತ್ರೆವ್ವ ತಾನು ಪುಣ್ಯವೆಂದು ಮಾಡಿದ್ದು ಇನ್ನೊಬ್ಬಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತೆಂದು ಅಂದು ತಿಳಿದು, ಅಲ್ಲೇ ಹೊಸ್ತಿಲ ಮೇಲೆ ಕೂತು, ಮಾವನ ಮನೆಯಲ್ಲಿ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು. ದುರ್ಗವ್ವ ಅವಳ ಬೆನ್ನು ಸವರಿ, ತನಗೂ ಗಂಡನಿಗೂ ಮಾಡಿಟ್ಟಿದ್ದ ರೊಟ್ಟಿಯಲ್ಲಿ ಅರ್ಧ, ಪುಂಡಿಪಲ್ಯದಲ್ಲಿ ಅರ್ಧ ಕಟ್ಟಿಕೊಟ್ಟಳು. ಒಳಗಿನಿಂದ ಜೋಳ ತಂದು, ಅರಿಸಿನ ಹಚ್ಚಿ, ಉಡಿ ತುಂಬಿದಳು. ಸಾವಂತ್ರೆವ್ವ ಒಂದು ಚಿಟಿಕೆ ಮರಳಿಸಿ, ಉಳಿದದ್ದನ್ನು ಎದೆಗೊತ್ತಿಕೊಂಡು ಮನೆಗೆ ಬಂದಳು. ನಿಂಬೆವ್ವ ರೊಟ್ಟಿ ಪಲ್ಯ ಉಂಡು, ಬೆರಳು ನೆಕ್ಕಿ, ಇನ್ನೂ ಇದೆಯೇ ಎಂದು ಕೇಳಿದಳು. ತಂದ ಜೋಳವನ್ನು ಮನೆಯ ಜೋಳದೊಡನೆ ಬೀಸಿ ರೊಟ್ಟಿ ಬಡಿದರು, ಮನೆಮಂದಿಯೆಲ್ಲ ಕೂತು ಉಂಡರು. ಅಂದಿನಿಂದ ಅನ್ನ ಒಳಗೆ ನಿಂತಿತು. ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು. ಗುಂಡಗಿನ ಕೂಸು, ಓಣಿಗೆಲ್ಲ ಕೇಳುವಂತೆ ಅತ್ತಿತು. ತೊಟ್ಟಿಲು ತೂಗಲು ಮೊದಲ ಕೈ ದುರ್ಗವ್ವನದೇ ಆಯಿತು. ಮರುಶ್ರಾವಣದಲ್ಲಿ ಅವಳು ವ್ರತಕ್ಕೆ ಬಂದು ಎಲ್ಲರಿಗಿಂತ ಮುಂದೆ ಕೂತಳು.

ಮುಂದೆ ಸಾವಂತ್ರೆವ್ವ ಬಹುಕಾಲ ಬಾಳಿದಳು. ಕೊಡುವುದನ್ನು ಬಿಡಲಿಲ್ಲ, ಪಡೆಯುವುದನ್ನೂ ಕಲಿತಳು. ಅಡಿವೆಪ್ಪ ತೀರಿಕೊಂಡ ವರ್ಷ ಅವಳು, ಇನ್ನು ನನಗೆಲ್ಲಿಯ ಉಡಿ ಎಂದು ಒಳಕೋಣೆಯಲ್ಲಿ ಬಾಗಿಲ ಹಿಂದೆ ಕೂತಳು. ದುರ್ಗವ್ವ ಹೋಗಿ ಕೈಹಿಡಿದು ಹೊರಗೆ ಕರೆತಂದು, ಗಂಡನಿರುವವಳು ಇಲ್ಲದವಳು ಎಂದು ಗೌರಿ ಕೇಳಲಿಲ್ಲ, ಸೆರಗನ್ನಷ್ಟೇ ಕೇಳಿದಳು ಎಂದು ಉಡಿ ತುಂಬಿದಳು. ಹಿರಿಯರು ಒಬ್ಬಿಬ್ಬರು ಗೊಣಗಿದರು. ಹೆಂಗಸರು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗಾಲದಲ್ಲಿ ಅವಳಿಗೆ ಕಣ್ಣು ಕಾಣದಾಯಿತು, ಕೈ ನಡುಗಿತು, ರೊಟ್ಟಿ ಬಡಿಯುವುದು ನಿಂತಿತು. ಆಗ ಅವಳು ಗೋಡೆ ಹಿಡಿದುಕೊಂಡು ದಿನಕ್ಕೊಂದು ಮನೆಗೆ ಹೋಗಿ, ಇಂದೇನು ಮಾಡಿದ್ದೀರಿ, ನನಗೂ ಒಂದು ತುತ್ತು ಹಾಕಿ ಎಂದು ಕೇಳಿ, ಮೊಮ್ಮಕ್ಕಳಂಥವರ ಕೈತುತ್ತು ತಿಂದು, ಚೆನ್ನಾಗಿದೆಯೆಂದು ಹೇಳಿ ಬರುತ್ತಿದ್ದಳು. ಉಪ್ಪು ಹೆಚ್ಚಾಗಿದ್ದರೆ ಅದನ್ನೂ ಹೇಳುತ್ತಿದ್ದಳು. ನಮ್ಮ ಮನೆಗೆ ಬಂದು ಬಹಳ ದಿನವಾಯಿತೆಂದು ಓಣಿಯ ಸೊಸೆಯಂದಿರು ಮುನಿಸಿಕೊಳ್ಳುತ್ತಿದ್ದರು. ಅವಳು ಕಣ್ಮುಚ್ಚಿದ ದಿನ ಆ ಓಣಿಯಲ್ಲಿ ಯಾರೂ ಒಲೆ ಹೊತ್ತಿಸಲಿಲ್ಲ. ಹಿರಿಯಳು ಹೋದದ್ದು ನಮ್ಮ ಮನೆಯಿಂದಲೇ ಎಂದು ಪ್ರತಿ ಮನೆಯವರೂ ಎಂದುಕೊಂಡರು.

ಸಾವಂತ್ರೆವ್ವನಿಗೆ ಒಲಿದ ಉಡಿಗೌರಿ ಈ ಕಥೆಯನ್ನು ಓದಿದವರಿಗೂ, ಕೇಳಿದವರಿಗೂ, ತಡವಾಗಿ ಬಂದು ಅರ್ಧ ಕೇಳಿದವರಿಗೂ, ಹಾಲು ಇಳಿಸಲು ಹೋದವರಿಗೂ ಒಲಿಯಲಿ. ಬಸುರಿಯರ ಹೊಟ್ಟೆ ತಣ್ಣಗಿರಲಿ, ಮುದುಕಿಯರಿಗೆ ಕೈತುತ್ತು ಸಿಗಲಿ, ಕೊಟ್ಟವರಿಗೂ ಪಡೆದವರಿಗೂ ಒಂದೇ ಫಲವಾಗಲಿ. ಈಗ ಅಕ್ಷತೆಯನ್ನು ದೇವಿಯ ಮೇಲೆ ಹಾಕಿ, ಪಕ್ಕದಲ್ಲಿ ಕೂತವಳ ಕಡೆ ತಿರುಗಿ, ನಮ್ಮನೆಯಲ್ಲಿ ಇದೆ ಎನ್ನದೆ, ಬೇಡ ಎನ್ನದೆ, ಸೆರಗೊಡ್ಡಿರಿ. ಕಥೆ ಓದಿದ ಈ ಮುದುಕಿ ಮೊದಲು ಒಡ್ಡಿದ್ದಾಳೆ, ಯಾರಾದರೂ ತುಂಬಿರಿ.